ಲವಂಗದ ಹದ

ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ನಮ್ಮ ಬೇಕರಿಯ ಗಿರಾಕಿಗಳೆಲ್ಲ ಹೇಳುತ್ತಾರೆ. ಹೇಳಲಿ. ಇಪ್ಪತ್ತಾರು ವರ್ಷ ಗಾಜಿನ ಕಪಾಟಿನ ಹಿಂದೆ ನಿಂತು, "ಇದು ಇವತ್ತಿನ ಬ್ರೆಡ್ಡಾ ನಿನ್ನೇದಾ" ಎಂಬ ಒಂದೇ ಪ್ರಶ್ನೆಗೆ ದಿನಕ್ಕೆ ನಲವತ್ತು ಸಲ ಉತ್ತರ ಕೊಟ್ಟು ನೋಡಲಿ, ಆಮೇಲೆ ಮಾತಾಡಲಿ. ಆದರೆ ಈಗ ಹೇಳಹೊರಟಿರುವ ಸಂಗತಿಯಲ್ಲಿ ಬೇರೆ ಯಾರ ಮೇಲೂ ಸಿಟ್ಟಾಗುವ ಹಕ್ಕು ನನಗಿಲ್ಲ. ಮಾಡಿದ್ದೆಲ್ಲ ನಾನೇ. ಒಳ್ಳೆಯದಾಗಲಿ ಅಂತಲೇ ಮಾಡಿದೆ ಎಂದು ಹೇಳಿಕೊಂಡು ಓಡಾಡುವವರನ್ನು ಕಂಡರೆ ಮೊದಲಿಂದಲೂ ನನಗೆ ಮೈಯೆಲ್ಲ ಉರಿಯುತ್ತದೆ. ಈಗ ನೋಡಿದರೆ ನಾನೂ ಅದೇ ಸಾಲಿನಲ್ಲಿ ನಿಂತಿದ್ದೇನೆ.

ನಮ್ಮ ಬೇಕರಿಗೆ ಮೂರು ಕೋಣೆ. ಮುಂದೆ ಅಂಗಡಿ, ನಡುವೆ ಹಿಟ್ಟು ನಾದುವ ಮೇಜು ಮತ್ತು ಒಲೆ, ಹಿಂದೆ ಒಂದು ಚಿಕ್ಕ ಮಸಾಲೆ ಕೋಣೆ. ವರ್ಷವಿಡೀ ಬ್ರೆಡ್ಡು, ಬನ್ನು, ರಸ್ಕು. ವರ್ಷದ ಕೊನೆಯ ತಿಂಗಳು ಶಾಲೆಗಳಿಗೆ ರಜೆ ಬಿಟ್ಟು, ಜನ ಅವರವರ ಮನೆಗಳಿಗೆ ಹೊರಡುವ ಹೊತ್ತಿಗೆ ಮಾತ್ರ ನಾವು ಒಂದು ಕೇಕು ಮಾಡುತ್ತೇವೆ. ಅದಕ್ಕೆ ಹೆಸರೇ ರಜೆ ಕೇಕು. ಸುಟ್ಟ ಸಕ್ಕರೆಯ ಬಣ್ಣ, ಇಟ್ಟಿಗೆಯ ಭಾರ. ಬೇರೆ ಬೇಕರಿಯವರು ಘಮ್ಮೆನ್ನಲಿ ಅಂತ ಕೇಕಿಗೆ ಒಂದು ಚಿಟಿಕೆ ಚಕ್ಕೆಪುಡಿ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ನಮ್ಮದರಲ್ಲಿ ಚಕ್ಕೆ, ಒಣಶುಂಠಿ, ಮೆಣಸು, ಜಾಯಿಕಾಯಿ, ಏಲಕ್ಕಿ, ಸೋಂಪು, ಕೊನೆಗೆ ಲವಂಗ, ಹೀಗೆ ಏಳು. ಅದೂ ಚಿಟಿಕೆ ಲೆಕ್ಕದಲ್ಲಲ್ಲ, ಹಿಡಿ ಲೆಕ್ಕದಲ್ಲಿ. ಮೊದಲ ಸಲ ತಿಂದವರು ಇದೇನು ಕೇಕೋ ಕಷಾಯವೋ ಅಂತ ಮುಖ ಕಿವಿಚುತ್ತಿದ್ದರು. ಮೂರನೆಯ ಉಸಿರಿಗೆ ಸಿಹಿ ಹಿಂದೆ ಸರಿದು, ಗಂಟಲಿಂದ ಕಿವಿಯವರೆಗೆ ಒಂದು ಬಿಸಿ ಹತ್ತುತ್ತಿತ್ತು. ಮರುವರ್ಷ ಅದೇ ಜನ ಬಂದು ಎರಡೆರಡು ಒಯ್ಯುತ್ತಿದ್ದರು.

ಏಳರಲ್ಲಿ ಆರು ಸಾಧುಗಳು, ಹೆಚ್ಚೂಕಡಿಮೆ ಆದರೂ ಸುಮ್ಮನಿರುತ್ತವೆ. ಲವಂಗ ಮಾತ್ರ ಮಹಾ ಕಿರಿಕಿರಿ. ಒಂದು ಚೂರು ಹೆಚ್ಚಾದರೆ ನಾಲಿಗೆ ಮರಗಟ್ಟುತ್ತದೆ. ಒಂದು ಚೂರು ಕಡಿಮೆಯಾದರೆ ಕೇಕು ಊರ ಕೇಕಿನ ಹಾಗೆಯೇ. ಒಂದು ವರ್ಷದ ಲವಂಗ ಇನ್ನೊಂದು ವರ್ಷದ ಹಾಗಿರುವುದಿಲ್ಲ, ಆದ್ದರಿಂದ ತೂಕ ಮಾಡಿ ಹಾಕಿ ಪ್ರಯೋಜನವಿಲ್ಲ ಅಂತ ನಮ್ಮ ಮಾವ ಹೇಳುತ್ತಿದ್ದರಂತೆ. ಅವರು ಮಗನಿಗೆ, ಅಂದರೆ ನಮ್ಮೆಜಮಾನರಿಗೆ, ಕಲಿಸಿದ್ದು ಒಂದೇ. ಬಾಗಿಲು, ಕಿಟಕಿ ಮುಚ್ಚಬೇಕು. ಆರನ್ನೂ ಕಬ್ಬಿಣದ ಕುಟ್ಟಾಣಿಯಲ್ಲಿ ಕುಟ್ಟಬೇಕು. ಲವಂಗದ ಪುಡಿಯನ್ನು ಬೇರೆ ಇಟ್ಟುಕೊಂಡು ಚಿಟಿಕೆ ಚಿಟಿಕೆಯಾಗಿ ಬೆರೆಸುತ್ತ, ಪ್ರತಿ ಸಲವೂ ಮೂಸಬೇಕು. ವಾಸನೆ ಹುಬ್ಬುಗಳ ನಡುವೆ, ಮೂಗಿನ ಬುಡಕ್ಕೆ ಬಡಿದ ಕ್ಷಣ ಕೈ ನಿಲ್ಲಿಸಬೇಕು. ಅದೇ ಹದ. ಆ ಹದ ಕಾಗದದ ಮೇಲೆ ಎಲ್ಲೂ ಇರಲಿಲ್ಲ, ಇವರ ಮೂಗಿನಲ್ಲಿತ್ತು ಅಷ್ಟೆ.

ಮೂರು ವರ್ಷದ ಹಿಂದೆ ಇವರಿಗೆ ಜ್ವರ ಬಂತು. ಹನ್ನೆರಡು ದಿನ ಮಲಗಿ ಎದ್ದವರು ಕಾಫಿ ಕುಡಿದು, "ಇದೇನೇ ಇದು, ಬಿಸಿನೀರು ಕೊಟ್ಟಿದೀಯಾ?" ಅಂದರು. ನಾನು ರೇಗಿದೆ. ಆಮೇಲೆ ಗೊತ್ತಾಯಿತು, ವಾಸನೆ ಹಿಡಿಯುವುದೇ ಕಮ್ಮಿಯಾಗಿದೆ ಅಂತ. ಡಾಕ್ಟರು, "ಕೆಲವರಿಗೆ ಬರತ್ತೆ, ಕೆಲವರಿಗೆ ಬರಲ್ಲ, ನೋಡೋಣ," ಅಂದರು. ಅದನ್ನು ಹೇಳುವುದಕ್ಕೆ ಡಾಕ್ಟರೇ ಬೇಕಿತ್ತೇ! ಇವರು ಮಾತ್ರ, "ಬರತ್ತೆ ಬಿಡೆ," ಅಂದುಕೊಂಡು ದಿನಾ ಬೆಳಿಗ್ಗೆ ಏಲಕ್ಕಿ ಡಬ್ಬಿ ತೆಗೆದು ಮೂಸುತ್ತ ಕೂರುತ್ತಿದ್ದರು. ಮನೆಯಲ್ಲಿ ಯಾರ ಜೊತೆಯೂ ಮಾತಿಲ್ಲ, ನಗುವಿಲ್ಲ.

ಆ ವರ್ಷದ ರಜೆ ಕೇಕಿಗೆ ಮಸಾಲೆ ಕುಟ್ಟಿದರು. ಮೊದಲ ತಟ್ಟೆ ಒಲೆಯಿಂದ ಇಳಿಯಿತು. ಒಲೆ ನೋಡಿಕೊಳ್ಳುವವನು ನಮ್ಮಲ್ಲಿ ಹದಿನೆಂಟು ವರ್ಷದಿಂದ ಇದ್ದಾನೆ, ಮೊಮ್ಮಗನನ್ನು ಕಂಡ ಮನುಷ್ಯ, ಸಣಕಲು ಮೈ, ಎಲ್ಲರೂ ಕರೆಯುವುದು ಕಡ್ಡಿ ಅಂತ. ಅವನು ಮೂಲೆಯ ಚೂರು ಮುರಿದು ಬಾಯಿಗೆ ಹಾಕಿಕೊಂಡ. ಕೂಡಲೇ ನಲ್ಲಿಗೆ ಓಡಿದ.

"ಅಕ್ಕಾ, ನನ್ನ ನಾಲಿಗೆ ಬಾಯಲ್ಲೇ ಇದೆಯಾ ಸ್ವಲ್ಪ ನೋಡಿ," ಅಂದ.

ನಾನೂ ತಿಂದೆ. ತುಟಿ, ವಸಡು ಎಲ್ಲ ಜೋಮು ಹಿಡಿದವು. ಲವಂಗ ದುಪ್ಪಟ್ಟು ಬಿದ್ದಿತ್ತು. ಹೇಳಿಬಿಡೋಣ ಅಂತಲೇ ಮಸಾಲೆ ಕೋಣೆಗೆ ಹೋದೆ, ದೇವರಾಣೆ. ಇವರು ಸ್ಟೂಲಿನ ಮೇಲೆ ಕೂತಿದ್ದರು. ಕಣ್ಣಲ್ಲಿ ನೀರು, ಮುಖದ ತುಂಬ ನಗು.

"ಬಂತು ಕಣೇ! ಲವಂಗ ಬಡೀತು. ನಂದಿನ್ನೂ ಸತ್ತಿಲ್ಲ!" ಅಂದರು.

ಆ ಮುಖಕ್ಕೆ ಹೇಗೆ ಹೇಳಲಿ? ನಾಲ್ಕು ತಿಂಗಳಾದ ಮೇಲೆ ನಕ್ಕಿದ್ದ ಮನುಷ್ಯ. "ಹೌದಾ ರೀ, ಸದ್ಯ," ಅಂದೆ. ಆ ತಟ್ಟೆಯ ಕೇಕುಗಳ ತಳ ಹೊತ್ತಿಹೋಯಿತು ಅಂತ ಸುಳ್ಳು ಹೇಳಿ ಎಸೆಸಿದೆ. ಪಾಪ ಕಡ್ಡಿ, ತನ್ನದಲ್ಲದ ತಪ್ಪಿಗೆ ಬೈಸಿಕೊಂಡ.

ಮಸಾಲೆ ಕುಟ್ಟಿದ ಮೇಲೆ ಇವರು ಸ್ನಾನ ಮಾಡಲೇಬೇಕು. ಮೆಣಸು, ಶುಂಠಿ ಕತ್ತಿನ ಸುಕ್ಕುಗಳಲ್ಲೆಲ್ಲ ಕೂತು ಉರಿಯುತ್ತದೆ. ಅರ್ಧ ಗಂಟೆ ಬಚ್ಚಲಲ್ಲಿರುತ್ತಾರೆ. ಮಾರನೆಯ ದಿನ ಎರಡನೆಯ ಸಲ ಕುಟ್ಟಿ ಅವರು ಸ್ನಾನಕ್ಕೆ ಹೋದಾಗ ನಾನು ಡಬ್ಬಿ ತೆಗೆದು ಅರ್ಧ ಮಸಾಲೆ ಹೊರಗೆ ಸುರಿದೆ. ಕೆಂಪಗೆ ಹುರಿದಿಟ್ಟಿದ್ದ ಗೋಧಿಹಿಟ್ಟನ್ನು ಆ ಜಾಗಕ್ಕೆ ಬೆರೆಸಿದೆ. ಬಣ್ಣದಲ್ಲಿ ಒಂದಿಷ್ಟೂ ವ್ಯತ್ಯಾಸ ಕಾಣಲಿಲ್ಲ. ತೆಗೆದದ್ದನ್ನು ಪಾತ್ರೆ ತೊಳೆಯುವ ಮೋರಿಗೆ ಸುರಿದು ನೀರು ಬಿಟ್ಟೆ. ಎರಡು ದಿನ ಆ ಮೋರಿಯೇ ಲವಂಗ ನಾರುತ್ತಿತ್ತು. ಇವರು ಅದರ ಪಕ್ಕದಲ್ಲೇ ನಿಂತು ಹಲ್ಲುಜ್ಜಿದರು, ಏನೂ ಗೊತ್ತಾಗಲಿಲ್ಲ.

ಕೇಕು ಚೆನ್ನಾಗಿಯೇ ಬಂತು. ಜನ ತಿಂದರು, ಹೊಗಳಿದರು. ಇವರು, ಮೂಗು ಹೇಳಿದ ಮೇಲೆ ತಿಂದು ನೋಡುವುದೇನು ಅನ್ನುತ್ತ, ಒಂದು ಚೂರೂ ಬಾಯಿಗಿಡದೆ ಎದೆಯುಬ್ಬಿಸಿಕೊಂಡು ಓಡಾಡಿದರು. ನಮ್ಮ ಮಗಳು ಬೇರೆ ಊರಿನ ದೊಡ್ಡ ಹೋಟೆಲೊಂದರಲ್ಲಿ ಕೇಕು ವಿಭಾಗದಲ್ಲಿದ್ದಳು. ಆ ವಾರವೇ ಫೋನು ಮಾಡಿ, "ಅಪ್ಪಾ, ನಿಮಗೆ ಹುಷಾರಿರ್ಲಿಲ್ವಲ್ಲ, ರಜ ಹಾಕಿ ಬಂದು ಹದ ಕಲ್ತುಕೊಳ್ಳಲಾ?" ಅಂತ ಕೇಳಿದಳು. ಇವರು, "ಏನವಸರ ಪುಟ್ಟಿ? ನನ್ನ ಮೂಗು ಗುಂಡುಕಲ್ಲಿನ ಹಾಗಿದೆ. ನಿನ್ನ ಕೆಲಸ ನೋಡ್ಕೋ ನೀನು," ಅಂದರು. ನಾನು ಪಕ್ಕದಲ್ಲೇ ಬನ್ನು ಜೋಡಿಸುತ್ತಿದ್ದೆ. ಕೇಳಿಸಿತು. ಕೇಳಿಸಿಯೂ ಬಾಯಿ ಬಿಡಲಿಲ್ಲ.

ಮರುವರ್ಷ ಇವರ ಕೈ ಇನ್ನೂ ಮುಂದೆ ಹೋಯಿತು, ನಾನು ಇನ್ನಷ್ಟು ತೆಗೆದೆ. ಅದರ ಮರುವರ್ಷ ಡಬ್ಬಿಯಲ್ಲಿ ಮೂರರಲ್ಲಿ ಎರಡು ಪಾಲು ನನ್ನ ಹುರಿದ ಹಿಟ್ಟೇ. ಆಹಾ, ನಾನೆಂಥ ಜಾಣೆ ಅಂತ ಒಳಗೊಳಗೇ ಹಿಗ್ಗಿದ್ದೂ ಉಂಟು. ಒಬ್ಬರಿಗೆ ಮಾತ್ರ ಅನುಮಾನ ಬಂದಿತ್ತು. ಶಾಲೆಯಿಂದ ನಿವೃತ್ತರಾದ ಟೀಚರಮ್ಮ, ಮಾವನವರ ಕಾಲದ ಗಿರಾಕಿ. ಹೋದ ವರ್ಷ ಕೇಕು ಒಯ್ದು ಎರಡು ದಿನ ಬಿಟ್ಟು ಬಂದರು.

"ಚೆನ್ನಾಗಿದೆಯಮ್ಮ, ಇಲ್ಲ ಅನ್ನಲ್ಲ. ಆದ್ರೆ ಮೊದಲು ಒಂದು ಚೂರು ತಿಂದ್ರೆ ಸ್ವಲ್ಪ ಹೊತ್ತು ಸುಮ್ನೆ ಕೂತ್ಕೋಬೇಕು ಅನ್ನಿಸ್ತಿತ್ತು. ಈಗ ಇನ್ನೊಂದು ಚೂರು ತಿನ್ನೋಣ ಅನ್ನಿಸತ್ತೆ," ಅಂದರು.

"ವಯಸ್ಸಾದ ಮೇಲೆ ನಾಲಿಗೆ ಮಂದ ಆಗತ್ತೆ ಟೀಚರಮ್ಮ," ಅಂದೆ ನಾನು. ನನ್ನ ಬಾಯಿಗಿಷ್ಟು ಬೆಂಕಿ ಹಾಕ. ಅವರು ನಕ್ಕು ಹೊರಟುಹೋದರು.

ಈ ವರ್ಷ ಮಗಳು ಹೇಳದೆ ಕೇಳದೆ ಬಂದಿಳಿದಳು. ಹೋಟೆಲಿಗೆ ಎರಡು ತಿಂಗಳ ರಜ ಬರೆದುಕೊಟ್ಟು ಬಂದಿದ್ದಳು.

"ಅಲ್ಲಿ ನೂರು ಥರ ಕೇಕ್ ಮಾಡ್ತೀನಮ್ಮ, ಒಂದೂ ನಂದಲ್ಲ," ಅಂದಳು. "ಅಪ್ಪ ನಂಗೆ ಹದ ಕಲಿಸ್ಲಿ. ಕಲ್ತರೆ ಇಲ್ಲೇ ಇರ್ತೀನಿ, ಬೇಕರಿ ನಾನೇ ನಡೆಸ್ತೀನಿ. ಕಲಿಯೋಕಾಗಲಿಲ್ಲ ಅಂದ್ರೆ ವಾಪಸ್ ಹೋಗ್ತೀನಿ, ಇಲ್ಲಿದ್ದು ಬರೀ ಬ್ರೆಡ್ ಮಾರೋಕೆ ನಂಗಾಗಲ್ಲ."

ಅವಳದು ನನ್ನದೇ ಸ್ವಭಾವ, ಒಂದು ಮಾತು ಅಂದರೆ ಒಂದೇ ಮಾತು. ಇವರ ಸಂತೋಷ ಕೇಳಬೇಕೇ! ಮಸಾಲೆ ಕೋಣೆಗೆ ನನ್ನನ್ನೇ ಸೇರಿಸದ ಮನುಷ್ಯ, ಅವಳಿಗೆ ಸ್ಟೂಲು ಹಾಕಿಕೊಟ್ಟರು. ಆವತ್ತಾದರೂ ಹೇಳಬಹುದಿತ್ತು. ನಾಳೆ ಹೇಳಿದರಾಯಿತು, ಇವರು ಸ್ನಾನಕ್ಕೆ ಹೋದಾಗ ಅವಳೊಬ್ಬಳಿಗೇ ಹೇಳೋಣ ಅಂತ ತೇಲಿಸಿದೆ.

ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಅವಳು ಹೋಟೆಲಿನ ಕಲಿಕೆಯವಳು, ಎಲೆಕ್ಟ್ರಾನಿಕ್ ತಕ್ಕಡಿ ತಂದಿದ್ದಳು. ಕುಟ್ಟುವ ಮೊದಲು ಏಳು ಡಬ್ಬಿಯನ್ನೂ ತೂಗಿದಳು, ಕುಟ್ಟಿದ ಮೇಲೆ ಮತ್ತೆ ತೂಗಿ ಬರೆದುಕೊಂಡಳು. ಇವರು ನಕ್ಕು, "ತೂಕದಲ್ಲೇನಿದೆ ಪುಟ್ಟಿ, ಮೂಸು," ಅಂದರು. ಅವಳು ಮೂಸಿದಳು. ಲವಂಗ ಬೀಳುತ್ತಲೇ ಇತ್ತು. ಅವಳ ಕಣ್ಣಿಂದ ನೀರು ಸುರಿಯತೊಡಗಿತು.

"ಅಪ್ಪಾ, ಜಾಸ್ತಿ ಆಗ್ತಿಲ್ವಾ? ನಂಗೆ ಆಗ್ಲೇ ಬಡೀತು."

"ಇನ್ನೂ ಇಲ್ಲ. ನಿಂಗೆ ಅಭ್ಯಾಸ ಇಲ್ಲ ಅಷ್ಟೆ. ಒಲೆಯೊಳಗೆ ಹೋದಮೇಲೆ ತಗ್ಗತ್ತೆ. ಮೂರು ವರ್ಷದಿಂದ ಅಮ್ಮ ಕಳಿಸಿದ ಕೇಕು ತಿಂದಿದೀಯಲ್ಲ, ಜಾಸ್ತಿ ಇತ್ತಾ?"

"ಇಲ್ಲ."

"ಮತ್ತೆ?"

ತನ್ನ ಮೂಗು ಸರಿಯಾಗಿ ಹೇಳುತ್ತಿದ್ದರೂ ಅಪ್ಪನ ಮಾತನ್ನೇ ನಂಬಿ, ಲವಂಗದ ತೂಕ ಬರೆದುಕೊಂಡಳು.

ಇವರು ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದರು. ಹೇಳುವ ಬದಲು, ಈಗ ಅವಳು ಎದ್ದರೆ ಸಾಕು, ಡಬ್ಬಿಗೆ ಹಿಟ್ಟು ಬೆರೆಸಿಬಿಡೋಣ ಅಂತ ಕಾದೆ. ಏಳಲಿಲ್ಲ. "ಬಾ ಕಾಫಿ ಕುಡಿ," ಅಂದೆ. "ಆಮೇಲೆ," ಅಂದಳು. "ಅಂಗಡೀಲಿ ಜನ ಇದಾರೆ, ಬಾ," ಅಂದೆ. ಕಡ್ಡಿ ನೋಡ್ಕೋತಾನೆ ಅಂದಳು. ಬೇಕೆಂದೇ ಬಿಸ್ಕೆಟ್ಟಿನ ಡಬ್ಬವೊಂದನ್ನು ಕೆಡವಿದೆ. ಇದ್ದಲ್ಲಿಂದಲೇ, "ಹುಷಾರು ಅಮ್ಮ," ಅಂತ ಕೂಗಿದಳು. ಹಾಗೇ ಡಬ್ಬಿ ತಬ್ಬಿಕೊಂಡು ನಾದುವ ಮೇಜಿಗೆ ಬಂದು, ತನ್ನ ಕೈಯಿಂದಲೇ ಆರು ಕೇಕಿಗೆ ಹಿಟ್ಟು ಕಲಸಿದಳು. ಪುಟ್ಟಿ, ನಿಲ್ಲು ಅನ್ನುವುದು ಬಿಟ್ಟು ನಾನೇ ತಟ್ಟೆಗೆ ಬೆಣ್ಣೆ ಸವರಿಕೊಟ್ಟೆ. ಕಡ್ಡಿ ಒಲೆಯ ಬಾಗಿಲು ತೆಗೆಯುತ್ತ ನನ್ನ ಮುಖ ನೋಡಿದ. ನಾನು ತಲೆ ತಗ್ಗಿಸಿದೆ.

ಮಧ್ಯಾಹ್ನ ಕೇಕು ಆರಿತು. ನಾಲ್ವರೂ ಮೇಜಿನ ಸುತ್ತ ನಿಂತೆವು. ಅವಳೇ ಕತ್ತರಿಸಿ ಎಲ್ಲರ ಕೈಗೂ ಕೊಟ್ಟಳು. ಕಡ್ಡಿ ಕಚ್ಚಿದವನು ಹೊರಗೆ ಹೋಗಿ ಉಗುಳಿದ. ಅವಳು ಎರಡು ಸಲ ಅಗಿದು ನಿಂತುಬಿಟ್ಟಳು. ಮುಖ ಕೆಂಪಾಯಿತು, ತುಟಿ ಒರೆಸಿಕೊಂಡಳು, ಅಪ್ಪನ ಕಡೆ ನೋಡಿದಳು.

ಇವರು ಕಣ್ಣು ಮುಚ್ಚಿಕೊಂಡು ನಿಧಾನಕ್ಕೆ ಅಗಿಯುತ್ತಿದ್ದರು. ಇಡೀ ಚೂರು ಮುಗಿಸಿದರು. ಬೆರಳಿಗಂಟಿದ್ದನ್ನೂ ನೆಕ್ಕಿದರು.

"ಇದೇ!" ಅಂದರು. "ಇದೇ ಹದ. ಒಂದೇ ಸಲಕ್ಕೆ ಹಿಡಿದುಬಿಟ್ಯಲ್ಲ ಪುಟ್ಟಿ! ನಂಗೆ ಎರಡು ವರ್ಷ ಬೇಕಾಗಿತ್ತು." ಇನ್ನೊಂದು ಚೂರಿಗೆ ಕೈ ಹಾಕಿದರು.

ಬೇರೆ ಯಾರೂ ತಟ್ಟೆಗೆ ಕೈ ಹಾಕಲಿಲ್ಲ. ಇವರು ಬಾಯಿ ಆಡಿಸುವುದನ್ನು ನಿಲ್ಲಿಸಿ ಒಬ್ಬೊಬ್ಬರ ಮುಖವನ್ನೂ ನೋಡಿದರು. ಮಗಳ ಕಣ್ಣು ನನ್ನ ಮೇಲಿತ್ತು.

"ಅಮ್ಮಾ," ಅಂದಳು. "ನಂಗೆ ಕಳಿಸ್ತಿದ್ದ ಕೇಕು ಇದಲ್ಲ. ಏನ್ ಮಾಡ್ತಿದ್ದೆ ನೀನು?"

ಹೇಳಿದೆ. ಹುರಿದ ಹಿಟ್ಟು, ಸ್ನಾನದ ಹೊತ್ತು, ಮೋರಿ, ಮೂರೂ ವರ್ಷದ್ದು, ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಇವರು ಬೈಯುತ್ತಾರೆ, ತಟ್ಟೆ ಎತ್ತಿ ಎಸೆಯುತ್ತಾರೆ ಅಂತ ಕಾದೆ. ಎಸೆದಿದ್ದರೆ ಎಷ್ಟೋ ವಾಸಿಯಿತ್ತು. ಕೈಯಲ್ಲಿದ್ದ ಚೂರನ್ನು ತಟ್ಟೆಯಲ್ಲಿಟ್ಟು ಮಸಾಲೆ ಕೋಣೆಗೆ ಹೋಗಿ ಸ್ಟೂಲಿನ ಮೇಲೆ ಕೂತರು. ಕಣ್ಣು ಮುಚ್ಚಿಕೊಂಡರು.

"ಪುಟ್ಟಿ, ಯಾವ್ದಾದ್ರೂ ಒಂದು ಡಬ್ಬಿ ಹಿಡಿ."

ಅವಳು ಹಿಡಿದಳು. ಇವರು ಉದ್ದಕ್ಕೆ ಉಸಿರೆಳೆದುಕೊಂಡರು.

"ಸೋಂಪು," ಅಂದರು.

ಅದು ಚಕ್ಕೆ. ಅವಳು ಅದನ್ನು ಕೆಳಗಿಟ್ಟು ಇನ್ನೊಂದು ಹಿಡಿದಳು.

"ಇದು ಖಾಲಿ ಡಬ್ಬಿ."

ಅದು ಏಲಕ್ಕಿ. ದಿನಾ ಬೆಳಿಗ್ಗೆ ಮೂಸುತ್ತಿದ್ದ ಅದೇ ಏಲಕ್ಕಿ. ಮಗಳು ಬಾಯಿಗೆ ಸೆರಗು ಒತ್ತಿಕೊಂಡ ನನ್ನನ್ನೊಮ್ಮೆ ನೋಡಿ, ಮುಚ್ಚಳ ಹಾಕಿದಳು. ಇವರು ಕಣ್ಣು ತೆರೆದರು. ಅವಳ ಮುಖ ನೋಡಿಯೇ ಅರ್ಥವಾಗಿತ್ತು.

"ನಿಮ್ಮ ಮುಖ ನೋಡಿ ಹೇಳೋಕಾಗ್ಲಿಲ್ಲ ರೀ," ಅಂದೆ. ನನಗೆ ಅಳು ತಡೆಯಲಾಗಲಿಲ್ಲ.

"ಮುಖ ಯಾಕೆ ನೋಡಿದೆ? ಕೇಕು ನೋಡ್ಬೇಕಿತ್ತು," ಅಂದರು. ದನಿ ಒಂದಿಷ್ಟೂ ಏರಿರಲಿಲ್ಲ. "ಆ ವರ್ಷ ನಂಗೆ ಅರ್ಧ ಬರ್ತಿತ್ತು ಕಣೇ. ಲವಂಗ ಮಂಕಾಗಿತ್ತು, ಉಳಿದದ್ದೆಲ್ಲ ಇತ್ತು. ಹಳೇ ರುಚಿ ತಲೇಲಿ ಹಾಗೇ ಕೂತಿತ್ತು. ನೀನೊಂದು ಮಾತು ಹೇಳಿದ್ದಿದ್ರೆ ಅವತ್ತೇ ಇವಳನ್ನ ಕರೆಸ್ತಿದ್ದೆ. ಇವಳು ಹಾಕೋಳು, ನಾನು ತಿಂದು ಹೇಳೋನು, ಹೇಗಾದ್ರೂ ಇವಳ ಮೂಗಿಗೆ ದಾಟಿಸ್ತಿದ್ದೆ. ಮೂರು ವರ್ಷ ಈ ಹಾಳು ಖಾರಾನೇ ಮೂಸಿ, ಇದೇ ಹದ ಇದೇ ಹದ ಅಂತ ತಲೇಲಿ ಕೂರಿಸಿಕೊಂಡುಬಿಟ್ಟೆ. ಈಗ ಹಳೇದು ಬೇಕು ಅಂದ್ರೆ ಎಲ್ಲಿಂದ ತರ್ಲಿ?"

ಕೇಕು ಉಳಿಸಿದೆ, ಗಂಡನ ಮರ್ಯಾದೆ ಉಳಿಸಿದೆ ಅಂದುಕೊಂಡಿದ್ದೆ. ಕಲಿಸುವುದಕ್ಕೆ ಇದ್ದ ಕಾಲವನ್ನೇ ಡಬ್ಬಿ ಡಬ್ಬಿಯಾಗಿ ಮೋರಿಗೆ ಸುರಿದಿದ್ದೆ.

ಆವತ್ತಿಂದ ಇವರು ಮಸಾಲೆ ಕೋಣೆಗೆ ಕಾಲಿಡಲಿಲ್ಲ. ಬೆಳಿಗ್ಗೆ ಎದ್ದು ಬಂದು ಮುಂದಿನ ಅಂಗಡಿಯಲ್ಲಿ ನಿಲ್ಲುತ್ತಿದ್ದರು. ನನ್ನ ಜೊತೆ ಮಾತು ಬಿಟ್ಟರೇ ಅಂದರೆ ಇಲ್ಲ. "ಬನ್ನು ಮುಗೀತು," "ಕಾಗದದ ಚೀಲ ಎಲ್ಲಿ," ಇಷ್ಟು ಮಾತು ಇತ್ತು. ಮೊದಲಿನ ಹಾಗೆ ಒಂದು ಸಲ, "ಬಜಾರಿ, ಮೆತ್ತಗೆ ಮಾತಾಡೇ," ಅಂತ ಛೇಡಿಸಲಿ ಅಂತ ಜೀವ ಬಾಯಿ ಬಿಡುತ್ತಿತ್ತು. ಬೇಕೆಂದೇ ಒಬ್ಬ ಗಿರಾಕಿಯ ಮೇಲೆ ಕೂಗಾಡಿ ನೋಡಿದೆ. ಇವರು ಗಿರಾಕಿಯ ಬ್ರೆಡ್ಡು ಕಟ್ಟಿಕೊಟ್ಟು ಕಳಿಸಿದರು, ಅಷ್ಟೆ.

ಮಗಳು ಮಾತ್ರ ಸೋಲೊಪ್ಪಲಿಲ್ಲ. ಹದ ಹುಡುಕಿಯೇ ತೀರುತ್ತೇನೆ ಅಂತ ಕೂತಳು. ಅಪ್ಪನ ಮೂಗಿಲ್ಲದಿದ್ದರೇನು, ಆ ರುಚಿ ಯಾರ ನಾಲಿಗೆಯಲ್ಲಾದರೂ ಇರಲೇಬೇಕಲ್ಲ ಅನ್ನುವುದು ಅವಳ ಲೆಕ್ಕ. ತನಗೆ ನೆನಪಿದ್ದದ್ದು ಚಿಕ್ಕಂದಿನದು, ಖಾರ ಅಂತ ಅತ್ತದ್ದಷ್ಟೇ ನೆನಪು. ಕಡ್ಡಿ ಸಿಹಿ ಮುಟ್ಟುವವನಲ್ಲ, ಬೆಂದಿದೆಯೋ ಇಲ್ಲವೋ ಅಂತ ಮೂಲೆ ಮುರಿಯುವುದಷ್ಟೇ ಅವನ ಕೆಲಸ. ನಾನು ತಡೆದರೂ ಕೇಳದೆ ಟೀಚರಮ್ಮನ ಮನೆಗೆ ಮೂರು ಥರದ ಚೂರು ಕಟ್ಟಿಕೊಂಡು ಹೋದಳು. ಅವರು ಮೂರನ್ನೂ ತಿಂದು, ಅವಳ ಕೈ ಹಿಡಿದುಕೊಂಡು, "ನಂಗೆ ವಯಸ್ಸಾಯ್ತು ಮಗು, ನಾಲಿಗೆ ಮಂದ ಆಗಿದೆ. ನಾನೊಂದು ಹೇಳಿ ನೀನೊಂದು ಮಾಡೋದು ಬೇಡ," ಅಂದರಂತೆ. ಬಂದು ಹಾಗೇ ಹೇಳಿದಳು. ಅದು ಯಾರ ಮಾತು ಅಂತ ಅವಳಿಗೆ ಗೊತ್ತಿರಲಿಲ್ಲ.

ಉಳಿದವಳು ನಾನು.

"ಇಪ್ಪತ್ತಾರು ವರ್ಷ ಮಾರಿದೀಯಮ್ಮ, ನಿಂಗೆ ನೆನಪಿರಲೇಬೇಕು," ಅಂದಳು. ಬೆಳಿಗ್ಗೆಗೊಂದು, ಮಧ್ಯಾಹ್ನಕ್ಕೊಂದು ಚಿಕ್ಕ ಕೇಕು ಮಾಡುತ್ತಿದ್ದಳು. ಲವಂಗ ಇಷ್ಟು, ಶುಂಠಿ ಇಷ್ಟು ಅಂತ ಪುಸ್ತಕದಲ್ಲಿ ಬರೆದು ನನ್ನ ಬಾಯಿಗಿಡುತ್ತಿದ್ದಳು. "ಇದಾ?" ಅನ್ನುತ್ತಿದ್ದಳು.

ಏನು ಹೇಳಲಿ? ಆ ಕೇಕಿನ ಗುಣಗಾನ ಗಿರಾಕಿಗಳ ಮುಂದೆ ಗಿಳಿಪಾಠದ ಹಾಗೆ ಒಪ್ಪಿಸಬಲ್ಲೆ. ಮೂರನೆಯ ಉಸಿರು, ಗಂಟಲ ಬಿಸಿ, ಎಲ್ಲ ಬಾಯಿಪಾಠ. ನಾಲಿಗೆಯಲ್ಲಿ ಹುಡುಕಿದರೆ ಮಾತ್ರ ಏನೂ ಇಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ನಾನು ಕೂತು ಆ ಕೇಕು ತಿಂದಿರಲಿಲ್ಲ. ಇಬ್ಬರು ಗಿರಾಕಿಗಳ ನಡುವೆ ನಿಂತುಕೊಂಡು ಉದುರಿದ ಪುಡಿ ಬಾಯಿಗೆ ಹಾಕಿಕೊಂಡದ್ದು, ರಜೆ ಮುಗಿಯುವ ಹೊತ್ತಿಗೆ ಆ ವಾಸನೆ ಕಂಡರೇ ಬೇಡವಾಗುತ್ತಿದ್ದದ್ದು, ಇಷ್ಟೇ. ಮೂರು ವರ್ಷ ಹಿಟ್ಟು ಬೆರೆಸಿದೆನಲ್ಲ, ಆಗಲೂ ಹಳೆಯ ಹದಕ್ಕೆ ತರಬೇಕು ಅಂತ ಬೆರೆಸಿದವಳಲ್ಲ, ಯಾರೂ ದೂರು ಹೇಳದಿದ್ದರೆ ಸಾಕು ಅಂತ ಬೆರೆಸಿದವಳು. ಆದರೂ, "ಇನ್ನೊಂಚೂರು ಮುಂದೆ," "ಇದು ತುಸು ಮೊಂಡು," ಅಂತ ಏನೇನೋ ಅನ್ನುತ್ತ ಹೋದೆ. ಅವಳು ಪ್ರತಿ ಮಾತನ್ನೂ ಬರೆದುಕೊಂಡಳು.

ಹದಿನಾಲ್ಕು ಕೇಕು ಆದವು. ಹೊರಗೆ ರಜೆ ಶುರುವಾಗಿತ್ತು. ಗಿರಾಕಿಗಳು ಬಂದು, "ಇನ್ನೂ ಆಗಿಲ್ವಾ?" ಅಂತ ಕೇಳಿ ಬನ್ನು ಒಯ್ಯುತ್ತಿದ್ದರು. ಹೋಟೆಲಿನಿಂದ ಎರಡು ಸಲ ಫೋನು ಬಂತು. ಅವಳ ಜಾಗಕ್ಕೆ ಬೇರೊಬ್ಬರನ್ನು ತೆಗೆದುಕೊಳ್ಳಬೇಕೋ ಬೇಡವೋ, ಶನಿವಾರದೊಳಗೆ ಹೇಳಬೇಕಂತೆ. ಅವಳ ಉಗುರುಗಳೆಲ್ಲ ಮಸಾಲೆಯಿಂದ ಕಂದು ಬಣ್ಣಕ್ಕೆ ತಿರುಗಿದ್ದವು. ರೆಪ್ಪೆ ಊದಿತ್ತು. ಊಟಕ್ಕೆ ಕೂತರೂ ಪುಸ್ತಕ ಮುಂದೆ.

ಶನಿವಾರ ಬೆಳಿಗ್ಗೆ ನಾನು ತೀರ್ಮಾನ ಮಾಡಿಕೊಂಡೆ. ಇಷ್ಟು ದಿನ ಅವಳು ಮನೆಯಲ್ಲಿದ್ದಳು. ಬಾಗಿಲಲ್ಲಿ ಅವಳ ಚಪ್ಪಲಿ, ಹಗ್ಗದ ಮೇಲೆ ಅವಳ ಬಟ್ಟೆ, ಒಲೆಯ ಮುಂದೆ ಕಡ್ಡಿಯ ಜೊತೆ ಅವಳ ಜಗಳ. ಇವಳೂ ಹೋದರೆ ಈ ಮೂರು ಕೋಣೆಯಲ್ಲಿ, ಮಾತಾಡದ ಈ ಮನುಷ್ಯನ ಜೊತೆ ನಾನು ಹೇಗಿರಲಿ? ಹಳೆಯ ಹದ ಯಾರಿಗೆ ಗೊತ್ತಿದೆ ಈಗ? ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ ಮೇಲೆ ಇದೇ ಹದ ಅಂದರೆ ಇದೇ ಹದ. ಕೇಳುವವರಾರು?

ಮಧ್ಯಾಹ್ನ ತಟ್ಟೆ ಹಿಡಿದುಕೊಂಡು ಬಂದಳು. ಅಂಗಡಿಯಲ್ಲಿ ಜನ ಇರಲಿಲ್ಲ. ಇವರು ಕಪಾಟಿನ ಗಾಜು ಒರೆಸುತ್ತಿದ್ದವರು ಬಟ್ಟೆ ಕೈಯಲ್ಲಿ ಹಿಡಿದು ನಿಂತರು.

"ಇದನ್ನ ನೋಡಮ್ಮ," ಅಂದಳು.

ಚೂರು ಬಾಯಿಗೆ ಇಟ್ಟುಕೊಂಡೆ. ಇಡುವ ಮೊದಲೇ ಮಾತು ತಯಾರಾಗಿತ್ತು.

"ಇದೇ!" ಅಂದೆ. "ಇದೇ ಕಣೇ ಪುಟ್ಟಿ! ಅದೇ ಹದ! ನಿಮ್ಮ ತಾತ ಮಾಡ್ತಿದ್ದದ್ದು ಹೀಗೇ ಇತ್ತು. ನೋಡು, ಗಂಟಲಿಗೆ ಹತ್ತುತಾ ಇದೆ! ಸಿಕ್ಕಿಬಿಡ್ತು ಕಣೇ!" ಕಣ್ಣಲ್ಲಿ ನೀರೂ ಬಂತು. ನೀರೇನೂ ಸುಳ್ಳಲ್ಲ.

ಇವರು ಒಂದು ಹೆಜ್ಜೆ ಮುಂದೆ ಬಂದರು. "ನಿಜವಾ?" ಅಂದರು. ಎಷ್ಟೋ ದಿನದ ಮೇಲೆ ನನ್ನನ್ನು ಕೇಳಿದ ಮಾತು.

"ನಿಜ ರೀ. ನಿಮ್ಮಾಣೆ," ಅಂದೆ.

ಮಗಳು ನಗಲಿಲ್ಲ. ತಟ್ಟೆಯನ್ನು ಕಪಾಟಿನ ಮೇಲೆ ಇಟ್ಟಳು.

"ಇದಕ್ಕೆ ಲವಂಗ ಹಾಕೇ ಇಲ್ಲ ಅಮ್ಮ," ಅಂದಳು. "ಉಳಿದ ಆರು ಸರಿಯಾಗಿ ಕೂತಿದೆಯಾ ಅಂತ ಕೇಳೋಕೆ ತಂದೆ. ಲವಂಗ ಆಮೇಲೆ ಹಾಕೋಣ ಅಂತಿದ್ದೆ."

ಏನೋ ಹೇಳಬೇಕು ಅಂತ ಹೊರಟೆ. ಇವರು ಗಾಜು ಒರೆಸುವ ಬಟ್ಟೆಯನ್ನು ಮಡಿಸಿ ಇಟ್ಟು, ಮಗಳ ತಲೆಯ ಮೇಲೆ ಕೈಯಿಟ್ಟರು.

"ಸಾಕು ಪುಟ್ಟಿ," ಅಂದರು. "ಅಮ್ಮನ್ನ ಇನ್ನು ಕೇಳಬೇಡ."

ಅವಳು ಸೊಂಟಕ್ಕೆ ಕಟ್ಟಿದ್ದ ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ ಹಿತ್ತಿಲಿಗೆ ಹೋದಳು. ಫೋನಿನಲ್ಲಿ, "ಹೌದು ಸರ್, ಬೇರೆಯವರು ಬೇಡ. ಸೋಮವಾರದಿಂದ ನಾನೇ ಬರ್ತೀನಿ," ಅನ್ನುವುದು ಅಂಗಡಿಯವರೆಗೂ ಕೇಳಿಸಿತು. ಇವರು ಅಂಗಡಿಯ ಬಾಗಿಲಿಗೆ ಹೋಗಿ ರಸ್ತೆ ನೋಡುತ್ತ ನಿಂತರು. ನನ್ನ ಬಾಯಲ್ಲಿ ಆ ಚೂರು ಇನ್ನೂ ಹಾಗೇ ಇತ್ತು. ಆಗ ಅಗಿದೆ. ನಿಜ, ಅದರಲ್ಲಿ ಲವಂಗ ಇರಲಿಲ್ಲ.